ಲೈನಿನಲ್ಲಿ ಇಬ್ಬರು ಹೆಚ್ಚಿಗೆ ಇರಬೇಕು

(ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರ ಸಭೆಯೊಂದರಲ್ಲಿ ಸಂಬಳ ಸಹಿತ ರಜೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರ ನಿಮಗೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ವಾರದ ಬಟ್ಟೆ ಒಗೆಯಬೇಕು, ಮಕ್ಕಳಿಗೆ ತಲೆಸ್ನಾನ ಮಾಡಿಸಬೇಕು, ರೇಷನ್ ತರಬೇಕು, ನೀರು ಬಂದರೆ ಹಿಡಿದಿಡಬೇಕು. ಅದನ್ನೆಲ್ಲ ಬಿಟ್ಟು ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಈ ಭಾನುವಾರದ್ದೇ ಒಂದು ಮಾತು. ಮುಂಬೈ ಬಟ್ಟೆ ಮಿಲ್ಲುಗಳಲ್ಲಿ ಒಂದು ಕಾಲದಲ್ಲಿ ವಾರದ ರಜೆ ಅನ್ನೋದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅನ್ನುವವರು ಜ್ಯೋತಿಬಾ ಫುಲೆ ಅವರ ಜೊತೆಗಾರರು. ಅವರು 1884ರಿಂದ ಮಿಲ್ ಕೆಲಸಗಾರರ ಸಹಿ ಸಂಗ್ರಹ ಮಾಡಿ, ಸಭೆ ಸೇರಿಸಿ, ವಾರಕ್ಕೊಂದು ರಜೆ ಬೇಕು ಅಂತ ಕೇಳುತ್ತಾ ಬಂದರು. 1890ರ ಏಪ್ರಿಲ್‌ನಲ್ಲಿ ನಡೆದ ದೊಡ್ಡ ಸಭೆಯಲ್ಲಿ ಇಬ್ಬರು ಮಿಲ್ ಹೆಂಗಸರೂ ಎದ್ದು ನಿಂತು ಮಾತಾಡಿದ್ದರು. ಅದೇ ವರ್ಷ ಜೂನ್ 10ರಂದು ಮಿಲ್ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆ ಇಬ್ಬರು ಹೆಂಗಸರ ವಿಷಯ ಓದಿದಾಗಿನಿಂದ ನನಗೆ ಅವರು ಆಗಾಗ ನೆನಪಾಗುತ್ತಾರೆ. ಆ ಕಾಲದಲ್ಲಿ, ಅಷ್ಟು ಜನ ಗಂಡಸರ ನಡುವೆ ನಿಂತು ಮಾತಾಡೋದಕ್ಕೆ ಎಂಥ ಧೈರ್ಯ ಬೇಕು!

ಆದರೆ ಆ ರಜೆಗೆ ಸಂಬಳ ಇರಲಿಲ್ಲ. ಮನೆಯಲ್ಲಿ ಕೂತ ದಿನಕ್ಕೂ ಕೂಲಿ ಕೊಡಬೇಕು ಅನ್ನುವ ನಿಯಮ ನಮ್ಮ ಕಾರ್ಖಾನೆ ಕಾನೂನಿಗೆ ಬಂದದ್ದು 1945ರ ತಿದ್ದುಪಡಿಯಲ್ಲಿ. ವರ್ಷ ಪೂರ್ತಿ ದುಡಿದವರಿಗೆ ಹತ್ತು ದಿನ. ಆಮೇಲೆ 1948ರ ಕಾರ್ಖಾನೆ ಕಾಯ್ದೆ ಬಂತು. 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಅಂತ ಲೆಕ್ಕ ಕಟ್ಟಿತು. ಇವತ್ತಿಗೂ ಅದೇ ಲೆಕ್ಕ. ನೀವೆಲ್ಲ ಇಎಲ್ ಅನ್ನೋದು ಇದನ್ನೇ.

ನಾನು ಬಹಳ ವರ್ಷ ಕಾರ್ಖಾನೆಗಳ ಟೈಮ್ ಆಫೀಸಿನಲ್ಲಿ ಕೆಲಸ ಮಾಡಿದವನು. ಹಾಜರಿ, ರಜೆ, ಓಟಿ ಎಲ್ಲ ನಮ್ಮ ಟೇಬಲ್ ಮೇಲೆಯೇ ಬರುತ್ತಿತ್ತು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮದ್ದೂರು ಕಡೆಯ ಒಬ್ಬ ಹೆಣ್ಣುಮಗಳು. ಕಾಲರ್ ಕೂರಿಸುವ ಟೈಲರ್. ಕೈ ತುಂಬಾ ಚುರುಕು. ಊರಲ್ಲಿ ಮಾರಮ್ಮನ ಹಬ್ಬ ಅಂತ ಮೂರು ದಿನ ರಜೆ ಕೇಳಿದಳು. ಕೇಳಿದ್ದು ಹೇಗೆ? ಮಿಷನ್ ಹತ್ತಿರ ಬಂದ ಸೂಪರ್‌ವೈಸರ್‌ಗೆ, ಬಾಯಿ ಮಾತಿನಲ್ಲಿ. ಅವರು ಶಿಪ್‌ಮೆಂಟ್ ಇದೆ, ಈಗ ಬೇಡಮ್ಮ ಅಂದರು. ಮನೆ ದೇವರ ಹಬ್ಬ, ಬಿಡೋದಕ್ಕೆ ಆಗುತ್ತಾ? ಹೋದಳು. ವಾಪಸ್ ಬಂದಾಗ ಮೂರು ದಿನಕ್ಕೂ ಆಬ್ಸೆಂಟ್ ಬಿದ್ದಿತ್ತು. ಮೂರು ದಿನದ ಸಂಬಳ ಹೋಯಿತು. ಆ ತಿಂಗಳ ಹಾಜರಿ ಬೋನಸ್ ಹೋಯಿತು. ಲೈನಿನಲ್ಲಿ ಎಲ್ಲರ ಮುಂದೆ ಬೈಸಿಕೊಂಡದ್ದು ಬೇರೆ.

ಅವಳ ರಜೆ ಪುಸ್ತಕದಲ್ಲಿ ಆ ಹೊತ್ತಿಗೆ 11 ದಿನದ ರಜೆ ಹಾಗೇ ಇತ್ತು. ಅವಳು ಆ ಪುಸ್ತಕವನ್ನು ಒಮ್ಮೆಯೂ ನೋಡಿರಲಿಲ್ಲ. ಹಾಗೊಂದು ಪುಸ್ತಕ ಇದೆ ಅಂತಲೇ ಗೊತ್ತಿರಲಿಲ್ಲ.

ಈಗ ನಿಮ್ಮದೇ ಲೆಕ್ಕ ಹಾಕೋಣ. ಭಾನುವಾರ, ಹಬ್ಬ ಎಲ್ಲ ಕಳೆದು ವರ್ಷಕ್ಕೆ 300 ದಿನ ಕೆಲಸ ಮಾಡಿದಿರಿ ಅಂತ ಇಟ್ಟುಕೊಳ್ಳಿ. 20ರಿಂದ ಭಾಗಿಸಿ. 15 ದಿನ. ನಿಮ್ಮ ದಿನದ ಸಂಬಳ 500 ರೂಪಾಯಿ ಆದರೆ ಅದು 7,500 ರೂಪಾಯಿ. ಐದು ವರ್ಷ ದುಡಿದರೆ 37,500. ಮಗಳ ಕಾಲೇಜು ಫೀಸಿಗೆ ಆಗುವ ದುಡ್ಡು, ಅಲ್ವಾ? ರಜೆಯಾಗಿ ತಗೊಂಡರೂ ಅದು ನಿಮ್ಮದು, ದುಡ್ಡಾಗಿ ತಗೊಂಡರೂ ನಿಮ್ಮದು. ಎರಡೂ ಸಿಗಲಿಲ್ಲ ಅಂದರೆ ಯಾರೋ ಅದನ್ನು ಉಳಿಸಿಕೊಂಡಿದ್ದಾರೆ ಅಂತಲೇ ಅರ್ಥ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ನಿಮ್ಮಿಂದ ತುಂಬಿಹೋಯಿತು. ಇಲ್ಲಿ ಕೂತಿರುವ ಕೆಲವರು ಅವತ್ತು ಅಲ್ಲೇ ಇದ್ದವರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನ ಸರ್ಕಾರ ಆ ನಿಯಮವನ್ನು ವಾಪಸ್ ತಗೊಂಡಿತು. ಅದು ನಮ್ಮ ದುಡ್ಡು ಅಂತ ಒಬ್ಬೊಬ್ಬರಿಗೂ ಗೊತ್ತಿತ್ತು, ಅದಕ್ಕೇ ಬಂದರು. ರಜೆ ಕೂಡ ಹಾಗೇ ತಿಂಗಳು ತಿಂಗಳು ಜಮಾ ಆಗುವ ನಿಮ್ಮ ಸಂಬಳದ ಭಾಗ. ಆದರೆ ಪಿಎಫ್ ಬ್ಯಾಲೆನ್ಸ್ ಎಷ್ಟು ಅಂತ ಕೇಳಿದರೆ ಫೋನಿನಲ್ಲಿ ತಕ್ಷಣ ತೋರಿಸುವವರು, ಇಎಲ್ ಎಷ್ಟಿದೆ ಅಂದರೆ ಮುಖ ಮುಖ ನೋಡುತ್ತಾರೆ. ಇವತ್ತು ನಾನು ಬಂದಿರೋದು ಇದೊಂದಕ್ಕೇ.

ಸೂಪರ್‌ವೈಸರ್ ಯಾಕೆ ರಜೆ ಕೊಡೋದಿಲ್ಲ? ಅವರು ಕೆಟ್ಟವರು ಅಂತ ನಾನು ಹೇಳೋದಿಲ್ಲ. ಲೈನ್ ಹೇಗೆ ನಡೆಯುತ್ತೆ ಅಂತ ನಿಮಗೇ ಗೊತ್ತು. ಒಬ್ಬರು ಪಾಕೆಟ್, ಒಬ್ಬರು ಕಾಲರ್, ಒಬ್ಬರು ತೋಳು, ಒಬ್ಬರು ಕಾಜಾ ಗುಂಡಿ. ತೋಳು ಹಚ್ಚುವವರು ಒಬ್ಬರು ಬರಲಿಲ್ಲ ಅಂದರೆ ಅವರ ಹಿಂದೆ ಬಂಡಲ್ ರಾಶಿ ಬೀಳುತ್ತೆ, ಮುಂದಿನವರು ಕೈ ಖಾಲಿ ಕೂರುತ್ತಾರೆ. ಗಂಟೆ ಗಂಟೆಗೆ ಬೋರ್ಡಿನ ಮೇಲೆ ಪೀಸ್ ಲೆಕ್ಕ ಬರೆಯಬೇಕು. ಟಾರ್ಗೆಟ್ ಬರಲಿಲ್ಲ ಅಂದರೆ ಸೂಪರ್‌ವೈಸರ್‌ಗೂ ಮೇಲಿನಿಂದ ಬೈಗುಳ. ಹಾಗಾಗಿ ಅವರ ಬಾಯಲ್ಲಿ ಮೊದಲು ಬರೋದೇ ಬೇಡಮ್ಮ ಅಂತ.

ಈಗ ಇನ್ನೊಂದು ಲೆಕ್ಕ ನೋಡಿ. ಒಂದು ಲೈನಿನಲ್ಲಿ 40 ಜನ. ಒಬ್ಬೊಬ್ಬರಿಗೂ ವರ್ಷಕ್ಕೆ 15 ದಿನ ರಜೆ. ಒಟ್ಟು 600 ದಿನ. ಕಾರ್ಖಾನೆ ನಡೆಯೋದು ವರ್ಷಕ್ಕೆ ಸುಮಾರು 300 ದಿನ. ಅಂದರೆ ಪ್ರತಿ ದಿನವೂ ಆ ಲೈನಿನಲ್ಲಿ ಸರಾಸರಿ ಇಬ್ಬರು ರಜೆ ಮೇಲೆ ಇರಬೇಕು. ದಿನಾ ಇಬ್ಬರು! ಇದು ಯಾರೂ ಸೋಮಾರಿತನ ಮಾಡಿ ಆಗೋದಲ್ಲ. ಕಾನೂನನ್ನು ಸುಮ್ನೆ ಪಾಲಿಸಿದರೂ ಇಷ್ಟು ಆಗೇ ಆಗುತ್ತೆ. ಹಾಗಾದರೆ 40 ಮಿಷನ್ ಇರುವ ಲೈನಿಗೆ 42 ಜನ ಇರಬೇಕು. ಎಲ್ಲ ಆಪರೇಷನ್ ಗೊತ್ತಿರುವ ಇಬ್ಬರು ಟೈಲರ್‌ಗಳು ಹೆಚ್ಚಿಗೆ ಇದ್ದು, ಯಾರು ಬರಲಿಲ್ಲವೋ ಅವರ ಮಿಷನ್‌ಗೆ ಕೂರಬೇಕು. ಹಾಗೆ ಇಬ್ಬರನ್ನು ಇಡದ ಕಾರ್ಖಾನೆ, ರಜೆ ಕೊಡಬಾರದು ಅಂತ ವರ್ಷದ ಮೊದಲ ದಿನವೇ ತೀರ್ಮಾನ ಮಾಡಿದ ಹಾಗೆ. ಆಮೇಲೆ ಸೂಪರ್‌ವೈಸರ್ ಎದುರು ನಿಂತು ನೀವು ಎಷ್ಟು ಬೇಡಿಕೊಂಡರೂ ಅವರ ಕೈಯಲ್ಲಿ ಏನೂ ಇರೋದಿಲ್ಲ.

ರೈಲ್ವೆಯಲ್ಲಿ ಇದಕ್ಕೆ ಅಂತಲೇ ಲೀವ್ ರಿಸರ್ವ್ ಹುದ್ದೆಗಳಿವೆ. ರಜೆ ಹೋದ ಸ್ಟೇಷನ್ ಮಾಸ್ಟರ್ ಜಾಗದಲ್ಲಿ ಕೆಲಸ ಮಾಡೋದಕ್ಕೆ ಬೇರೆ ಜನರನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಗಾರ್ಮೆಂಟ್ಸ್ ಮಾಲೀಕರ ಜೊತೆ ಮಾತುಕತೆಗೆ ಕೂತಾಗ ನಮ್ಮವರು ಸಂಬಳ, ಬೋನಸ್, ಬಸ್ಸು ಎಲ್ಲ ಕೇಳುತ್ತಾರೆ. ಈ ಹೆಚ್ಚುವರಿ ಜನರ ವಿಷಯವನ್ನೂ ಕೇಳಬೇಕು. ನನ್ನ ಪ್ರಕಾರ ಇದೇ ಮೊದಲ ಬೇಡಿಕೆ ಆಗಬೇಕು. ಹೆಚ್ಚುವರಿ ಜನ ಇದ್ದರೆ ಬೇಡಿಕೊಳ್ಳುವ ಪ್ರಶ್ನೆಯೇ ಬರೋದಿಲ್ಲ.

ಈಗ ಹೊಸ ಕಾನೂನಿನ ವಿಷಯ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ನನಗೆ ತಕರಾರು ಬಹಳ ಇವೆ, ಅದು ಇನ್ನೊಂದು ದಿನದ ಮಾತು. ಆದರೆ ರಜೆಯ ವಿಷಯದಲ್ಲಿ ನಿಮಗೆ ಅನುಕೂಲ ಆಗುವ ಮೂರು ಸಂಗತಿ ಅದರಲ್ಲಿವೆ. ಹಳೆಯ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದರೆ ಮಾತ್ರ ಈ ರಜೆ ಸಿಗುತ್ತಿತ್ತು. ಈಗ 180 ದಿನ ಸಾಕು. ವರ್ಷದ ನಡುವೆ ಕಾರ್ಖಾನೆ ಬದಲಾಯಿಸುವವರು ನಮ್ಮಲ್ಲಿ ಜಾಸ್ತಿ, ಅವರಿಗೆ ಇದು ದೊಡ್ಡ ಬದಲಾವಣೆ. ಎರಡನೆಯದು, ಉಳಿದ ರಜೆಯನ್ನು ವರ್ಷದ ಕೊನೆಗೆ ದುಡ್ಡಾಗಿ ಕೊಡಿ ಅಂತ ಕೇಳಬಹುದು. ಕೇಳದಿದ್ದರೆ 30 ದಿನದವರೆಗೆ ಮುಂದಿನ ವರ್ಷಕ್ಕೆ ಸೇರಿಸಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನೀವು ರಜೆಗೆ ಅರ್ಜಿ ಹಾಕಿದ್ದೀರಿ, ಅವರು ಕೊಡಲಿಲ್ಲ. ಹಾಗೆ ನಿರಾಕರಿಸಿದ ರಜೆಗೆ ಆ 30 ದಿನದ ಮಿತಿ ಇಲ್ಲ. ಎಷ್ಟಿದ್ದರೂ ಮುಂದಕ್ಕೆ ಹೋಗುತ್ತೆ. ಆದರೆ ಅರ್ಜಿ ಹಾಕಿದ್ದೀರಿ ಅನ್ನೋದಕ್ಕೆ ಏನಿದೆ ನಿಮ್ಮ ಹತ್ತಿರ? ಬಾಯಿ ಮಾತಿನಲ್ಲಿ ಕೇಳಿದ್ದಕ್ಕೆ ಲೆಕ್ಕ ಇರೋದಿಲ್ಲ. ಆ ಮದ್ದೂರಿನ ಹೆಣ್ಣುಮಗಳು ಕೇಳಿದ್ದಳು, ನಿಜ. ರಿಜಿಸ್ಟರ್ ಪ್ರಕಾರ ಅವಳು ಕೇಳಲೇ ಇಲ್ಲ, ಹೇಳದೆ ಕೇಳದೆ ಹೋದಳು.

ಅದಕ್ಕೇ ದಯವಿಟ್ಟು ಬರೆದು ಕೊಡಿ. ಒಂದು ಹಾಳೆ ಸಾಕು. ಹೆಸರು, ಟೋಕನ್ ನಂಬರ್, ಯಾವ ದಿನದಿಂದ ಯಾವ ದಿನದವರೆಗೆ, ಯಾಕೆ, ಕೆಳಗೆ ತಾರೀಖು ಹಾಕಿ ಸಹಿ. ಕೊಡೋ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಎಚ್‌ಆರ್‌ನವರಿಗೆ ವಾಟ್ಸಾಪ್ ಮಾಡೋದಕ್ಕೆ ಆದರೆ ಅದನ್ನೂ ಮಾಡಿ. ಬರೆಯೋದಕ್ಕೆ ಬಾರದವರಿಗೆ ಪಕ್ಕದ ಮಿಷನ್‌ನವರು ಬರೆದುಕೊಡಿ. ಹಬ್ಬಕ್ಕೆ, ಮದುವೆಗೆ ಆದರೆ 15 ದಿನ ಮೊದಲೇ ಕೊಡೋದು ಒಳ್ಳೆಯದು, ಹಳೆಯ ಕಾಯ್ದೆಯಲ್ಲೂ ಹಾಗೇ ಇತ್ತು. ಕಾಯಿಲೆಗೆ ಈ ಮುಂಚಿತ ಅರ್ಜಿಯ ನಿಯಮ ಇರಲಿಲ್ಲ, ಜ್ವರ ಹೇಳಿ ಕೇಳಿ ಬರುತ್ತಾ?

ಇನ್ನು ಪೇ ಸ್ಲಿಪ್. ಕೈಗೆ ಬಂದ ತಕ್ಷಣ ಕೊನೆಯ ಸಾಲು ನೋಡಿ ಮಡಚಿ ಇಡುತ್ತೀರಿ. ಮೇಲೆ ದಿನಗಳ ಲೆಕ್ಕ ಇರುತ್ತೆ. ದುಡಿದ ದಿನ, ಹಬ್ಬದ ರಜೆ, ಇಎಲ್, ಆಬ್ಸೆಂಟ್. ಎಷ್ಟೋ ಸ್ಲಿಪ್‌ಗಳಲ್ಲಿ ಇಎಲ್ ಬ್ಯಾಲೆನ್ಸ್ ಕೂಡ ಇರುತ್ತೆ. ಇಲ್ಲದಿದ್ದರೆ ಟೈಮ್ ಆಫೀಸಿನಲ್ಲಿ ಕೇಳಿ. ಆ ಲೆಕ್ಕ ಅವರ ಹತ್ತಿರ ಇದ್ದೇ ಇರುತ್ತೆ. ಕಿಟಕಿ ಹತ್ತಿರ ಬಂದು ಒಬ್ಬರು ಕೇಳಿದರೆ ಅರ್ಧ ಗಂಟೆಯಲ್ಲಿ ಇಡೀ ಲೈನ್ ಕೇಳೋದಕ್ಕೆ ಬರುತ್ತೆ. ಅದನ್ನು ನಾನು ಆ ಕಿಟಕಿಯ ಒಳಗಿಂದ ನೋಡಿದ್ದೇನೆ. ಆವತ್ತಿನಿಂದ ಆ ರಿಜಿಸ್ಟರ್ ಬರೆಯುವವರ ಕೈ ತುಂಬಾ ಎಚ್ಚರಿಕೆಯಿಂದ ಓಡುತ್ತೆ.

ಹಬ್ಬದ ರಜೆ ಬೇರೆ, ಅದನ್ನು ಇಎಲ್‌ನಲ್ಲಿ ಕಳೆಯೋ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ 1963ರಿಂದ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇವುಗಳ ಜೊತೆ ಇನ್ನೂ ಐದು ಹಬ್ಬಗಳು. ಅವತ್ತು ಕೆಲಸಕ್ಕೆ ಕರೆದರೆ ಎರಡು ಪಟ್ಟು ಸಂಬಳ, ಇಲ್ಲವೇ ಅವತ್ತಿನ ಸಂಬಳದ ಜೊತೆಗೆ ಬೇರೆ ದಿನ ಸಂಬಳದ ರಜೆ. ಮತದಾನದ ದಿನವೂ ಸಂಬಳದ ರಜೆ ಇದೆ, ದಿನಗೂಲಿಯವರಿಗೂ ಸೇರಿ. ಅದು ಚುನಾವಣಾ ಕಾನೂನಿನಲ್ಲೇ ಬರೆದಿದೆ.

ಕಾಯಿಲೆಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ಯಾಕೆಂದರೆ ಇಲ್ಲೇ ನಮ್ಮವರು ಹೆಚ್ಚು ಕಳೆದುಕೊಳ್ಳೋದು. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಕೆಲಸಗಾರರ ವಿಮೆಯ ಕಂತು, ಕಟ್ಟಾಗುತ್ತೆ. ನಿಮ್ಮ ಪಾಲು ನೂರಕ್ಕೆ 75 ಪೈಸೆ, ಮಾಲೀಕರದ್ದು 3 ರೂಪಾಯಿ 25 ಪೈಸೆ. ಇಎಸ್‌ಐ ಅಂದರೆ ಮಾತ್ರೆ ಕೊಡುವ ಆಸ್ಪತ್ರೆ ಅಂತ ಮಾತ್ರ ಎಲ್ಲರಿಗೂ ಗೊತ್ತು. ಕಾಯಿಲೆಯಿಂದ ಕೆಲಸಕ್ಕೆ ಹೋಗೋದಕ್ಕೆ ಆಗದ ದಿನಗಳಿಗೆ ಅದು ಸಂಬಳದ ಶೇಕಡಾ 70 ಕೊಡುತ್ತೆ, ವರ್ಷಕ್ಕೆ 91 ದಿನದವರೆಗೆ. ಇದಕ್ಕೆ ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನದ ಕಂತು ಕಟ್ಟಿರಬೇಕು. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡು ಬರೋದಿಲ್ಲ, ಆ ಎರಡು ದಿನಕ್ಕೆ ಇಎಲ್ ಹಾಕಿ. ಎರಡು ವರ್ಷದಿಂದ ಸತತವಾಗಿ ಕೆಲಸದಲ್ಲಿದ್ದು ಕ್ಷಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆ ಬಂದರೆ ಶೇಕಡಾ 80ರಂತೆ ಇನ್ನೂ ಹೆಚ್ಚು ದಿನ ಸಿಗುತ್ತೆ. ಆದರೆ ಸರ್ಟಿಫಿಕೇಟ್ ಇಎಸ್‌ಐ ಡಿಸ್ಪೆನ್ಸರಿ ಡಾಕ್ಟರ್‌ದೇ ಬೇಕು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ 300 ರೂಪಾಯಿ ಕೊಟ್ಟು ಇಂಜೆಕ್ಷನ್ ಚುಚ್ಚಿಸಿಕೊಂಡು, ಮೂರನೇ ದಿನ ನಡುಗುತ್ತಾ ಮಿಷನ್ ಮೇಲೆ ಕೂರುತ್ತೀರಲ್ಲ, ಅದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ. ತಿಂಗಳು ತಿಂಗಳು ನಿಮ್ಮ ಸಂಬಳದಿಂದ ಆ ದುಡ್ಡು ಕಟ್ಟಾಗಿದೆ. ದಯವಿಟ್ಟು ಡಿಸ್ಪೆನ್ಸರಿಗೆ ಹೋಗಿ, ಕ್ಯೂ ಉದ್ದ ಇದ್ದರೂ ಹೋಗಿ.

ಹೆರಿಗೆ ರಜೆ 2017ರಿಂದ 26 ವಾರ, ಮೊದಲ ಎರಡು ಮಕ್ಕಳಿಗೆ. ಅದಕ್ಕೆ ಮೇಲೆ 12 ವಾರ. ಗರ್ಭ ಇಳಿದುಹೋದರೆ ಆರು ವಾರ, ಇದನ್ನು ಬಹಳ ಜನ ಕೇಳೋದೇ ಇಲ್ಲ. ನಾಚಿಕೆಯಿಂದ ನಾಲ್ಕು ದಿನಕ್ಕೇ ಕೆಲಸಕ್ಕೆ ಬಂದವರನ್ನು ನಾನು ಕಂಡಿದ್ದೇನೆ. ಇಎಸ್‌ಐ ಇದ್ದವರಿಗೆ ಹೆರಿಗೆ ರಜೆಯ ಪೂರ್ತಿ ಸಂಬಳ ಇಎಸ್‌ಐನಿಂದಲೇ ಬರುತ್ತೆ, ಕಾರ್ಖಾನೆಯ ಜೇಬಿನಿಂದ ಹೋಗೋದಿಲ್ಲ. ಆದರೂ ಐದನೇ ತಿಂಗಳಿಗೆ ರಿಸೈನ್ ಮಾಡಿ ಹೋಗಮ್ಮ, ಮಗು ಆದ ಮೇಲೆ ಬಾ, ಹೊಸದಾಗಿ ಸೇರಿಸಿಕೊಳ್ಳುತ್ತೇವೆ ಅನ್ನುವವರಿದ್ದಾರೆ. ಸಹಿ ಹಾಕಬೇಡಿ. ಹೆರಿಗೆ ರಜೆಯಲ್ಲಿ ಇರುವವರನ್ನು ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ಹಾಗೆ ರಿಸೈನ್ ಮಾಡಿ ಮತ್ತೆ ಸೇರಿದರೆ ನಿಮ್ಮ ಸರ್ವಿಸ್ ಅಲ್ಲಿಗೇ ಕಡಿದುಹೋಗುತ್ತೆ. ರಜೆ ಹೋಯಿತು, ಗ್ರಾಚ್ಯುಟಿ ವರ್ಷಗಳೂ ಹೋದವು.

ಮುಟ್ಟಿನ ರಜೆ ಬಗ್ಗೆ ನಿಮ್ಮಲ್ಲಿ ಒಬ್ಬರು ಪ್ರಶ್ನೆ ಬರೆದ ಚೀಟಿ ಕಳಿಸಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು, ನವೆಂಬರ್‌ನಲ್ಲಿ ಆದೇಶ ಬಂತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಹಿತ. 18ರಿಂದ 52 ವರ್ಷದವರಿಗೆ. ಡಾಕ್ಟರ್ ಚೀಟಿ ಬೇಡ. ಆ ತಿಂಗಳದ್ದು ಆ ತಿಂಗಳೇ ತಗೊಳ್ಳಬೇಕು. ಕೆಲವು ಮಾಲೀಕರ ಸಂಘಟನೆಗಳು ಇದರ ವಿರುದ್ಧ ಹೈಕೋರ್ಟಿಗೆ ಹೋದವು. ಈ ರಜೆ ಕೊಟ್ಟರೆ ಹೆಂಗಸರನ್ನು ಕೆಲಸಕ್ಕೇ ತಗೊಳ್ಳೋದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಲೈನ್ ತುಂಬಾ ಕೂತಿರೋದು ಹೆಂಗಸರೇ. ನಿಮ್ಮನ್ನು ಬಿಟ್ಟರೆ ಆ ಮಿಷನ್ ಓಡಿಸುವವರು ಯಾರು? ನನಗೆ ಚಿಂತೆ ಇರೋದು ಬೇರೆ. ಗಂಡಸು ಸೂಪರ್‌ವೈಸರ್ ಮುಂದೆ ನಿಂತು ಇದನ್ನು ಹೇಗೆ ಕೇಳೋದು? ಲೈನಿನಲ್ಲಿ ಹೋಗಿ ಹೇಳುವ ಪದ್ಧತಿಯೇ ಬೇಡ. ಟೈಮ್ ಆಫೀಸಿನಲ್ಲಿ ಒಬ್ಬ ಹೆಣ್ಣುಮಗಳ ಹತ್ತಿರ ರಿಜಿಸ್ಟರ್ ಇರಲಿ, ಅಲ್ಲಿ ಬರೆಸಿ ಹೋಗುವ ಹಾಗೆ ಮಾಡಿಸಿಕೊಳ್ಳಿ.

ಅಂಗಡಿ, ಆಫೀಸುಗಳಲ್ಲಿ ಕೆಲಸ ಮಾಡುವವರೂ ಇಲ್ಲಿದ್ದೀರಿ. ನಿಮಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಇಎಲ್ ಲೆಕ್ಕ 20ಕ್ಕೆ ಒಂದು, ಅದರ ಜೊತೆ ಕಾಯಿಲೆಗೆ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನ. ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. 300 ದಿನದವರೆಗೆ ಕೂಡಿಟ್ಟು ನಿವೃತ್ತಿಯಲ್ಲಿ ದುಡ್ಡಾಗಿ ತಗೊಳ್ಳಬಹುದು. ಅದು ಅವರಿಗೆ ಸಿಗಲೇಬೇಕು. ನಿಮಗೂ ಅದರ ಹತ್ತಿರಕ್ಕಾದರೂ ಬರುವಷ್ಟು ಸಿಗಬೇಕು ಅನ್ನೋದು ನನ್ನ ಆಸೆ. ಸ್ವಿಗ್ಗಿ, ಜೊಮ್ಯಾಟೊ ಹುಡುಗರಿಗೆ ರಾಜ್ಯ 2025ರಲ್ಲಿ ಕಲ್ಯಾಣ ಮಂಡಳಿ, ನಿಧಿ ಅಂತ ಕಾನೂನು ಮಾಡಿದೆ. ಸಂಬಳದ ರಜೆ ಮಾತ್ರ ಅವರಿಗೆ ಇನ್ನೂ ಇಲ್ಲ. ಮನೆಗೆಲಸದವರ ಪಾಡೂ ಅಷ್ಟೇ.

ಅಮೆರಿಕದಲ್ಲಿ ಮಗ ಇದ್ದಾನೆ ಅಂತ ಒಬ್ಬರು ಹೇಳಿದರು. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸಂಬಳ ಸಹಿತ ವಾರ್ಷಿಕ ರಜೆಯ ಕಾನೂನೇ ಇಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ, ದುಡಿದು ಜಮಾ ಆದ ರಜೆ ಸಂಬಳವೇ, ಅದನ್ನು ಕಂಪನಿ ಅಳಿಸಿಹಾಕೋ ಹಾಗಿಲ್ಲ ಅಂತ 1982ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು: "ಸಾರ್, ನಾನು ಹೋದ ತಿಂಗಳು ಕೆಲಸ ಬಿಟ್ಟೆ. ಲೆಕ್ಕ ಮುಗಿಸಿದ್ವಿ ಅಂತ ಕಳಿಸಿದ್ರು. ರಜೆ ದುಡ್ಡು ಕೊಟ್ಟಿಲ್ಲ. ಈಗ ಕೇಳಬಹುದಾ?"

ಕೇಳಬಹುದು ಅಕ್ಕ. ಕೆಲಸ ಬಿಟ್ಟರೂ, ಅವರೇ ತೆಗೆದರೂ, ಉಳಿದ ರಜೆಯ ದುಡ್ಡನ್ನು ಎರಡು ಕೆಲಸದ ದಿನಗಳ ಒಳಗೆ ಕೊಡಬೇಕು. ಕೊಡದಿದ್ದರೆ ಮೂರು ವರ್ಷದವರೆಗೆ ಕ್ಲೇಮ್ ಹಾಕಬಹುದು. ನಿಮ್ಮ ಹಳೆಯ ಪೇ ಸ್ಲಿಪ್, ಇಎಸ್‌ಐ ಕಾರ್ಡು, ಪಿಎಫ್ ಪಾಸ್‌ಬುಕ್ ಎಲ್ಲ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಕೊನೆಯ 12 ತಿಂಗಳಲ್ಲಿ ಎಷ್ಟು ದಿನ ದುಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆದು 20ರಿಂದ ಭಾಗಿಸಿ. ಮೊದಲು ಕಾರ್ಖಾನೆಗೆ ಒಂದು ಅರ್ಜಿ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲಿ. ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇರುವ ಕಾರ್ಮಿಕ ಭವನಕ್ಕೆ ಹೋಗಬೇಕು. ಒಬ್ಬರೇ ಹೋಗಬೇಡಿ, ಅದೇ ಕಾರ್ಖಾನೆ ಬಿಟ್ಟ ಇನ್ನಿಬ್ಬರನ್ನು ಕರೆದುಕೊಳ್ಳಿ. ಅವರಿಗೂ ಕೊಟ್ಟಿರೋದಿಲ್ಲ.